ಕೈಯಲ್ಲಿ ಇನ್ನೊಂದು ಆಫರ್ ಇದ್ದರೆ ಸಂಬಳ ಏರುತ್ತದೆ. ಏರುವುದು ಬೇಸಿಕ್ಕೋ, ಬರೀ ಸಿಟಿಸಿಯೋ?

ಪುಣೆಯ ಹಿಂಜೆವಾಡಿಯಾಗಲಿ, ಹೈದರಾಬಾದ್‌ನ ಗಚ್ಚಿಬೌಲಿಯಾಗಲಿ, ಚೆನ್ನೈನ ಓಎಂಆರ್ ಆಗಲಿ, ಐಟಿ ಕಂಪನಿಗಳ ಕ್ಯಾಂಟೀನ್‌ನಲ್ಲಿ ಕೇಳಿಬರುವ ದೂರು ಒಂದೇ. ಆರು ವರ್ಷದಿಂದ ಅಲ್ಲೇ ದುಡಿಯುತ್ತಿರುವ ಎಂಜಿನಿಯರ್‌ಗೆ ಏಪ್ರಿಲ್‌ನಲ್ಲಿ ಸಿಕ್ಕ ಹೈಕ್ ಶೇ 7. ಅದೇ ತಂಡಕ್ಕೆ ಜೂನ್‌ನಲ್ಲಿ ಹೊರಗಿನಿಂದ ಬಂದವರಿಗೆ, ಅದೇ ಕೆಲಸಕ್ಕೆ, ಅವರಿಗಿಂತ ಮೂರನೇ ಒಂದು ಪಾಲು ಹೆಚ್ಚು ಸಂಬಳ. ಹೊಸಬರಿಗೆ ಕೆಲಸ ಕಲಿಸುವ ಹೊಣೆ ಮಾತ್ರ ಹಳಬರದ್ದು.

ಇದೇ ಹಳಬರು ಎರಡು ತಿಂಗಳ ನಂತರ ಬೇರೊಂದು ಕಂಪನಿಯ ಆಫರ್ ಲೆಟರ್ ಹಿಡಿದು ರಾಜೀನಾಮೆ ಕೊಟ್ಟರೆ ಚಿತ್ರವೇ ಬದಲಾಗುತ್ತದೆ. 'ಬಜೆಟ್ ಇಲ್ಲ' ಎಂದಿದ್ದ ಮ್ಯಾನೇಜರ್ ಕೂತು ಮಾತಾಡೋಣ ಎನ್ನುತ್ತಾರೆ. ಎಚ್‌ಆರ್ ವಿಭಾಗದಿಂದ ಕರೆ ಬರುತ್ತದೆ. ಏಪ್ರಿಲ್‌ನಲ್ಲಿ ಇಲ್ಲದ ಶೇ 25 ಹೆಚ್ಚಳ ಆಗಸ್ಟ್‌ನಲ್ಲಿ ಎಲ್ಲಿಂದಲೋ ಪ್ರತ್ಯಕ್ಷವಾಗುತ್ತದೆ.

ಹಾಗಾದರೆ ಏಪ್ರಿಲ್‌ನಲ್ಲಿ ಹೇಳಿದ್ದು ಸುಳ್ಳೇ? ಪೂರ್ತಿ ಸುಳ್ಳಲ್ಲ. ದೊಡ್ಡ ಕಂಪನಿಗಳಲ್ಲಿ ಸಂಬಳದ ಹಣ ಸಾಮಾನ್ಯವಾಗಿ ಎರಡು ಬೇರೆ ಬೇರೆ ಚೀಲಗಳಲ್ಲಿರುತ್ತದೆ. ವಾರ್ಷಿಕ ಹೈಕ್‌ನ ಚೀಲಕ್ಕೆ ಮೇಲಿನಿಂದಲೇ ಮಿತಿ ನಿಗದಿಯಾಗಿರುತ್ತದೆ. ಮ್ಯಾನೇಜರ್ ಆ ಇಡುಗಂಟನ್ನೇ ತಂಡದ ಹತ್ತು ಜನರಿಗೆ ಹಂಚಬೇಕು. ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ. ಹೊಸಬರ ನೇಮಕಾತಿಯ ಚೀಲ ಬೇರೆ. ಅದು ಮಾರುಕಟ್ಟೆಯ ದರಕ್ಕೆ ತಕ್ಕಂತೆ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಆ ದರ ಕೊಡದಿದ್ದರೆ ಯಾರೂ ಬರುವುದಿಲ್ಲ. ಒಳಗಿರುವ ಉದ್ಯೋಗಿ ರಾಜೀನಾಮೆ ಕೊಟ್ಟ ಕ್ಷಣ ಅವರ ಜಾಗ 'ಖಾಲಿಯಾಗಲಿರುವ ಹುದ್ದೆ'ಯಾಗುತ್ತದೆ. ಲೆಕ್ಕ ಮೊದಲ ಚೀಲದಿಂದ ಎರಡನೆಯದಕ್ಕೆ ವರ್ಗವಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಕಾರ್ಪೊರೇಟ್ ಲೆಕ್ಕಪತ್ರದಲ್ಲಿ ಅಕ್ಷರಶಃ ನಿಜವಾಗುವುದು ಹೀಗೆ.

ಅಂದರೆ ಇನ್ನೊಂದು ಕಂಪನಿಯ ಆಫರ್ ಉದ್ಯೋಗಿಯ ಯೋಗ್ಯತೆಯನ್ನು ಹೊಸದಾಗಿ ಸಾಬೀತು ಮಾಡುವುದೇನೂ ಇಲ್ಲ. ಯಾವ ಚೀಲದಿಂದ ಸಂಬಳ ಕೊಡಬೇಕು ಎಂಬುದನ್ನು ಮಾತ್ರ ಬದಲಿಸುತ್ತದೆ. ಇದು ಗೊತ್ತಿಲ್ಲದ ಅನೇಕರು ಅಪ್ರೈಸಲ್ ಮೀಟಿಂಗ್‌ನಲ್ಲಿ ತಮ್ಮ ಸಾಧನೆಗಳ ಪಟ್ಟಿ ಓದಿ ನಿರಾಶರಾಗುತ್ತಾರೆ. ಗೊತ್ತಿರುವವರು ಪಟ್ಟಿಯ ಬದಲು ಪತ್ರ ತರುತ್ತಾರೆ.

90 ದಿನಗಳ ತಮಾಷೆ

ಭಾರತದ ಐಟಿ ವಲಯದಲ್ಲಿ ಈ ಚೌಕಾಸಿಗೆ ಬೇರೆ ಅನೇಕ ದೇಶಗಳಲ್ಲಿಲ್ಲದ ಒಂದು ತಿರುವು ಇದೆ. ಅದು ನೋಟಿಸ್ ಪೀರಿಯಡ್. ಅಮೆರಿಕದಲ್ಲಿ ಎರಡು ವಾರದ ನೋಟಿಸ್ ವಾಡಿಕೆ. ಇಲ್ಲಿನ ದೊಡ್ಡ ಸೇವಾ ಕಂಪನಿಗಳಲ್ಲಿ 90 ದಿನ ಸಾಮಾನ್ಯ. ಉದ್ಯೋಗಿ ಸುಲಭವಾಗಿ ಬಿಟ್ಟು ಹೋಗಬಾರದು, ಬೇರೆ ಕಂಪನಿಗಳು ಮೂರು ತಿಂಗಳು ಕಾಯಲು ಹಿಂಜರಿಯಬೇಕು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಆದದ್ದು ಉಲ್ಟಾ. ಮೊದಲ ಆಫರ್ ಸಿಕ್ಕ ದಿನ ರಾಜೀನಾಮೆ ಕೊಟ್ಟವರ ಕೈಗೆ 90 ದಿನಗಳ ಸಮಯ ಸಿಕ್ಕಿತು. ಆ ಆಫರ್ ತೋರಿಸಿ ಎರಡನೆಯದು, ಎರಡನೆಯದನ್ನು ತೋರಿಸಿ ಮೂರನೆಯದು. ನೋಟಿಸ್‌ನ ಕೊನೆಯ ತಿಂಗಳು ತಲುಪುವಾಗ ಅವರು 'ಬೇಗ ಸೇರಬಲ್ಲ ಅಭ್ಯರ್ಥಿ'ಯೂ ಆಗಿರುತ್ತಾರೆ. ನೇಮಕಾತಿ ಮಾಡುವವರಿಗೆ ಅದೇ ಬೇಕು. ಬೇಲಿ ಹಾಕಿದವರೇ ಏಣಿಯನ್ನೂ ಒದಗಿಸಿದಂತಾಯಿತು. ಈ ಆಟದಲ್ಲಿ ಕೊನೆಯ ದಿನ ಕೈಕೊಡುವ ಅಭ್ಯರ್ಥಿಗಳ ಬಗ್ಗೆ ಕಂಪನಿಗಳು ಗೋಳಾಡುವುದುಂಟು. ಆದರೆ 90 ದಿನದ ಷರತ್ತನ್ನು 30ಕ್ಕೆ ಇಳಿಸಲು ಮಾತ್ರ ಹೆಚ್ಚಿನವು ಮುಂದೆ ಬಂದಿಲ್ಲ.

ಕೋವಿಡ್ ನಂತರದ 2021–22 ಈ ಆಟದ ಸುಗ್ಗಿಯ ಕಾಲ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಲ್ಲಿ ಕೆಲಸ ಬಿಟ್ಟವರ ಪ್ರಮಾಣ ಶೇ 28.4 ಮುಟ್ಟಿತ್ತು. ಅದೇ ವರ್ಷ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಟಿಸಿಎಸ್‌ನದ್ದು ಶೇ 21.5. ಸರಿಸುಮಾರು ನಾಲ್ವರಲ್ಲಿ ಒಬ್ಬರು ಬಾಗಿಲ ಬಳಿ ನಿಂತಿದ್ದ ಆ ದಿನಗಳಲ್ಲಿ, ಆಫರ್ ಲೆಟರ್ ತೋರಿಸುವ ಅಗತ್ಯವೂ ಇರಲಿಲ್ಲ. ತೋರಿಸುತ್ತಾರೇನೋ ಎಂಬ ಭಯವೇ ಸಾಕಾಗುತ್ತಿತ್ತು.

ಎರಡೇ ವರ್ಷದಲ್ಲಿ ಗಾಳಿ ತಿರುಗಿತು. 2024ರ ಮಾರ್ಚ್ ಹೊತ್ತಿಗೆ ಎರಡೂ ಕಂಪನಿಗಳಲ್ಲಿ ಈ ಪ್ರಮಾಣ ಶೇ 12.5ರ ಆಸುಪಾಸಿಗೆ ಇಳಿದಿತ್ತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಶೇ 2ರಷ್ಟನ್ನು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಅದರಲ್ಲೂ ಮಧ್ಯಮ ಮತ್ತು ಹಿರಿಯ ಹಂತದವರೇ ಹೆಚ್ಚು. ಇಂಥ ಹೊತ್ತಿನಲ್ಲಿ 2022ರ ಧೈರ್ಯದಲ್ಲೇ 'ನನ್ನ ಬಳಿ ಬೇರೆ ಆಫರ್ ಇದೆ' ಎಂದರೆ ಎದುರಿನಿಂದ 'ಒಳ್ಳೆಯದಾಗಲಿ' ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು.

ಹಾಗೆಂದು ಚೌಕಾಸಿಯ ದಿನಗಳು ಮುಗಿದವು ಎನ್ನಲಾಗದು. ಅದು ಜಾಗ ಬದಲಿಸಿದೆ. ವಿದೇಶಿ ಕಂಪನಿಗಳು ಇಲ್ಲಿ ತಾವೇ ನಡೆಸುವ ಜಿಸಿಸಿ, ಅಂದರೆ ಜಾಗತಿಕ ಸಾಮರ್ಥ್ಯ ಕೇಂದ್ರಗಳ ಸಂಖ್ಯೆ 2024ರ ನಾಸ್ಕಾಂ-ಜಿನ್ನೋವ್ ವರದಿಯ ಪ್ರಕಾರ 1,700 ದಾಟಿತ್ತು; ಅಲ್ಲಿ ಕೆಲಸ ಮಾಡುವವರು 19 ಲಕ್ಷ. ಇವುಗಳ ಅತಿದೊಡ್ಡ ನೆಲೆ ಬೆಂಗಳೂರು, ನಂತರ ಹೈದರಾಬಾದ್. ಕ್ಲೌಡ್, ಡೇಟಾ, ಸೈಬರ್ ಭದ್ರತೆ, ಚಿಪ್ ವಿನ್ಯಾಸದ ಅನುಭವವಿದ್ದವರನ್ನು ಸೇವಾ ಕಂಪನಿಗಳಿಂದ ಈ ಕೇಂದ್ರಗಳು ಸೆಳೆಯುತ್ತಿವೆ. ಪುಣೆ, ಚೆನ್ನೈಯಲ್ಲಿರುವ ಕನ್ನಡಿಗರಿಗೆ ಬೆಂಗಳೂರಿನ ಜಿಸಿಸಿ ಆಫರ್ ಬರುವುದು ಈಗ ಅಪರೂಪವಲ್ಲ. ಊರಿಗೆ ಹತ್ತಿರವಾಗುವ ಆಸೆಯೂ ಅದರೊಳಗೆ ಸೇರಿಕೊಂಡಿರುವುದರಿಂದ, ಅಂಥ ಆಫರನ್ನು ಬರೀ ಬೆದರಿಕೆ ಎಂದು ತಳ್ಳಿಹಾಕುವುದು ಮ್ಯಾನೇಜರ್‌ಗೂ ಕಷ್ಟ. ಬಾಡಿಗೆ ಮನೆಗೆ ಮಾಲೀಕರು ಕೇಳುವ ಮುಂಗಡದ ಲೆಕ್ಕ ಹಾಕಿದ ಮೇಲೂ ಆ ಆಸೆ ಉಳಿಯುತ್ತದೆಯೇ ಎಂಬುದು ಬೇರೆ ಮಾತು.

21 ಲಕ್ಷದ ಒಳಗೆ ಏನಿದೆ?

ಆಫರ್ ಸಿಕ್ಕವರಲ್ಲಿ ಹೆಚ್ಚಿನವರು ಎಡವುವುದು ಕೇಳುವ ಧೈರ್ಯದಲ್ಲಲ್ಲ, ಏನನ್ನು ಕೇಳಬೇಕು ಎಂಬುದರಲ್ಲಿ. ನಮ್ಮಲ್ಲಿ ಸಂಬಳದ ಮಾತೆಂದರೆ ಸಿಟಿಸಿ. ಮದುವೆ ಮಾತುಕತೆಯಿಂದ ಹಿಡಿದು ಲಿಂಕ್ಡ್‌ಇನ್ ತನಕ ಅದೇ ಅಂಕಿ. ಆದರೆ ಸಿಟಿಸಿ ಎಂದರೆ ಕಂಪನಿಗೆ ಆಗುವ ವೆಚ್ಚ. ಉದ್ಯೋಗಿಯ ಬ್ಯಾಂಕ್ ಖಾತೆಗೆ ಬೀಳುವ ಹಣ ಅದಲ್ಲ.

ಒಂದು ಲೆಕ್ಕ ನೋಡಿ. ಈಗಿನ ಸಿಟಿಸಿ 16 ಲಕ್ಷ ರೂ. ಅದರಲ್ಲಿ 1 ಲಕ್ಷ ವೇರಿಯಬಲ್ ಪೇ, ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆ ಸೇರಿ 1.2 ಲಕ್ಷ. ಖಚಿತವಾಗಿ ಸಿಗುವ ಸಂಬಳ 13.8 ಲಕ್ಷ. ಹೊಸ ಆಫರ್ 21 ಲಕ್ಷ. ಅದರಲ್ಲಿ ವೇರಿಯಬಲ್ 3 ಲಕ್ಷ, ಒಂದು ಬಾರಿ ಮಾತ್ರ ಸಿಗುವ ಜಾಯಿನಿಂಗ್ ಬೋನಸ್ 2 ಲಕ್ಷ, ಪಿಎಫ್ ಮುಂತಾದವು 1.5 ಲಕ್ಷ. ಕಳೆದರೆ ಉಳಿಯುವುದು 14.5 ಲಕ್ಷ. ಐದು ಲಕ್ಷದ ಜಿಗಿತ ಎಂದು ಸಿಹಿ ಹಂಚಿದ್ದು ವರ್ಷಕ್ಕೆ 70 ಸಾವಿರ ರೂ. ಹೆಚ್ಚಳಕ್ಕೆ. ತೆರಿಗೆ ಕಳೆದರೆ ಇನ್ನೂ ಕಡಿಮೆ. ವರ್ಷದೊಳಗೆ ಬಿಟ್ಟರೆ ಜಾಯಿನಿಂಗ್ ಬೋನಸ್ ಹಿಂದಿರುಗಿಸಬೇಕು ಎಂಬ ಷರತ್ತು ಹೆಚ್ಚಿನ ಪತ್ರಗಳಲ್ಲಿ ಇದ್ದೇ ಇರುತ್ತದೆ.

ಗ್ರಾಚ್ಯುಟಿಯದ್ದು ಇನ್ನೂ ಸ್ವಾರಸ್ಯದ ಕಥೆ. ಅನೇಕ ಕಂಪನಿಗಳು ಬೇಸಿಕ್‌ನ ಶೇ 4.81ನ್ನು ಗ್ರಾಚ್ಯುಟಿ ಎಂದು ಪ್ರತಿ ವರ್ಷ ಸಿಟಿಸಿಗೆ ಸೇರಿಸುತ್ತವೆ. ಕಾಯಂ ಉದ್ಯೋಗಿಗೆ ಅದು ಸಿಗಬೇಕಾದರೆ ಐದು ವರ್ಷದ ಸೇವೆ ಬೇಕು. ಎರಡು-ಮೂರು ವರ್ಷಕ್ಕೊಮ್ಮೆ ಆಫರ್ ಹಿಡಿದು ಹಾರುವವರ ಸಿಟಿಸಿಯಲ್ಲಿ, ಅವರು ಎಂದೂ ನೋಡದ ಹಣ ಪ್ರತಿ ಬಾರಿಯೂ ಸೇರಿಕೊಂಡಿರುತ್ತದೆ.

ಹೀಗಾಗಿ ಚೌಕಾಸಿ ನಡೆಯಬೇಕಾದದ್ದು ಖಚಿತ ಸಂಬಳದ ಮೇಲೆ, ಅದರಲ್ಲೂ ಬೇಸಿಕ್ ಮೇಲೆ. ಈಗಿನ ಕಂಪನಿ ಉಳಿಸಿಕೊಳ್ಳಲು ಬಯಸಿದಾಗ ಮೊದಲು ಮುಂದಿಡುವುದು ರಿಟೆನ್ಷನ್ ಬೋನಸ್. 'ಎರಡು ಲಕ್ಷ ಈಗಲೇ ತಗೊಳ್ಳಿ' ಎಂಬ ಮಾತು ಕೇಳಲು ಇಂಪು. ಅದರ ಬದಲು ಖಚಿತ ಸಂಬಳಕ್ಕೆ 1.5 ಲಕ್ಷ ಸೇರಿಸಿಕೊಂಡವರಿಗೆ, ವರ್ಷಕ್ಕೆ ಶೇ 8ರ ಹೈಕ್ ಸಿಕ್ಕರೂ ಐದು ವರ್ಷದಲ್ಲಿ ಹೆಚ್ಚುವರಿಯಾಗಿ ಬರುವುದು ಸುಮಾರು 8.8 ಲಕ್ಷ. ಬೋನಸ್ ಒಮ್ಮೆ ಬಂದು ಹೋಗುತ್ತದೆ, ಖಚಿತ ಸಂಬಳ ಮುಂದಿನ ಪ್ರತಿ ಹೈಕ್‌ಗೂ ಅಡಿಪಾಯ. ಕಂಪನಿಗಳು ಬೋನಸ್‌ಗೆ ಉದಾರವಾಗಿ, ಬೇಸಿಕ್‌ಗೆ ಬಿಗಿಯಾಗಿ ಇರುವುದು ಇದೇ ಕಾರಣಕ್ಕೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ಲೆಕ್ಕಕ್ಕೆ ಹೊಸ ತೂಕ ಕೊಟ್ಟಿವೆ. ಇದುವರೆಗೆ ಬೇಸಿಕ್ ಕಡಿಮೆ ಇಟ್ಟು, ಉಳಿದದ್ದನ್ನು 'ವಿಶೇಷ ಭತ್ಯೆ' ಎಂಬ ಹೆಸರಿನಲ್ಲಿ ತುಂಬುವ ಪದ್ಧತಿ ಇತ್ತು. ಈಗ ವೇತನದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಶೇ 50ನ್ನು ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಪರಿಗಣಿಸಬೇಕು. ಗ್ರಾಚ್ಯುಟಿಗೆ ಈ ವೇತನವೇ ಆಧಾರ. ತಿಂಗಳಿಗೆ 40 ಸಾವಿರದ ಲೆಕ್ಕದಲ್ಲಿ ಆರು ವರ್ಷಕ್ಕೆ ಸಿಗುವ ಗ್ರಾಚ್ಯುಟಿ ಸುಮಾರು 1.38 ಲಕ್ಷ ರೂ.; 60 ಸಾವಿರವಾದರೆ 2.08 ಲಕ್ಷ. ಈ ವ್ಯತ್ಯಾಸ ಕಂಪನಿಗಳಿಗೆ ಎಷ್ಟು ದೊಡ್ಡದೆಂದರೆ, 2025ರ ಡಿಸೆಂಬರ್ ತ್ರೈಮಾಸಿಕದ ಫಲಿತಾಂಶದಲ್ಲಿ ಹೊಸ ಸಂಹಿತೆಗಳ ಬಾಬ್ತಿಗೆಂದೇ ಟಿಸಿಎಸ್ 2,128 ಕೋಟಿ, ಇನ್ಫೋಸಿಸ್ 1,289 ಕೋಟಿ ರೂ. ಹೊರೆ ತೋರಿಸಿದವು.

ಪಿಎಫ್ ವಿಷಯದಲ್ಲಿ ಮಾತ್ರ ಕಣ್ಣಿಟ್ಟು ನೋಡಬೇಕು. ಕಾನೂನಿನ ಪ್ರಕಾರ ಕಡ್ಡಾಯ ಕೊಡುಗೆ 15,000 ರೂ. ಮಿತಿಯ ಮೇಲೆ ಮಾತ್ರ, ಅಂದರೆ ತಿಂಗಳಿಗೆ 1,800 ರೂ. ಕೆಲವು ಕಂಪನಿಗಳು ಪೂರ್ಣ ಬೇಸಿಕ್‌ನ ಶೇ 12 ಕಟ್ಟುತ್ತವೆ, ಕೆಲವು 1,800ಕ್ಕೇ ನಿಲ್ಲಿಸುತ್ತವೆ. ಎರಡರ ಸಿಟಿಸಿ ಒಂದೇ ಇದ್ದರೂ ಟೇಕ್‌ಹೋಮ್ ಬೇರೆ, ನಿವೃತ್ತಿಯ ಉಳಿತಾಯ ಬೇರೆ. 'ಸಂಬಳದ ಬ್ರೇಕಪ್ ಕಳಿಸಿ' ಎಂದು ಕೇಳುವುದು ಸಂಕೋಚದ ವಿಷಯವಲ್ಲ. ಕೇಳಿದರೂ ಕಳಿಸದ ಕಂಪನಿಯ ಆಫರನ್ನು ಹಿಡಿದು ಚೌಕಾಸಿಗೆ ಇಳಿಯುವುದು ವಿವೇಕವಲ್ಲ.

ಪತ್ರಕ್ಕೆ ಇರುವ ಬಲ ಎಷ್ಟು?

ಮಾತುಕತೆಯ ರೀತಿಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಪತ್ರವನ್ನು ಮೇಜಿನ ಮೇಲೆ ಎಸೆಯುವವರಿಗಿಂತ, 'ಇಲ್ಲೇ ಮುಂದುವರಿಯುವ ಮನಸ್ಸಿದೆ, ಖಚಿತ ಸಂಬಳ ಇಷ್ಟಕ್ಕೆ ಬಂದರೆ ಆ ಕಡೆ ಇಲ್ಲ ಎನ್ನುತ್ತೇನೆ' ಎಂದು ಒಂದು ಸ್ಪಷ್ಟ ಅಂಕಿ ಹೇಳುವವರಿಗೆ ಉತ್ತರ ಬೇಗ ಸಿಗುತ್ತದೆ. ಮ್ಯಾನೇಜರ್ ಆ ಅಂಕಿಯನ್ನೇ ಮೇಲಕ್ಕೆ ಕಳಿಸಬೇಕಾಗಿರುತ್ತದೆ. ಒಪ್ಪಿಗೆ ಬಾಯಿಮಾತಿನಲ್ಲಿ ಬಂದರೆ ಸಾಲದು. ಪರಿಷ್ಕೃತ ಸಂಬಳದ ಪತ್ರ ಕೈಸೇರುವ ಮೊದಲು ಹೊರಗಿನ ಆಫರನ್ನು ತಿರಸ್ಕರಿಸಿದವರು ಎರಡೂ ಕಡೆ ಕಳೆದುಕೊಂಡ ಪ್ರಸಂಗಗಳಿಗೆ ಬರವಿಲ್ಲ.

ಇಲ್ಲದ ಆಫರನ್ನು ಇದೆ ಎನ್ನುವ, ಅಥವಾ ಪಿಡಿಎಫ್‌ನಲ್ಲಿ ಅಂಕಿ ತಿದ್ದುವ ಚಾಳಿಯೂ ಇದೆ. ಎಚ್‌ಆರ್ ವಿಭಾಗಗಳು ಈಗ ಆಫರ್ ಬಂದ ಇ-ಮೇಲ್ ಅನ್ನೇ ಕೇಳುತ್ತವೆ, ಹಿನ್ನೆಲೆ ಪರಿಶೀಲನೆಯ ಏಜೆನ್ಸಿಗಳು ನೇರವಾಗಿ ಫೋನ್ ಮಾಡುತ್ತವೆ. ತಿದ್ದಿದ ಪತ್ರ ಸಿಕ್ಕಿಬಿದ್ದರೆ ಹೋಗುವುದು ಹೈಕ್ ಅಲ್ಲ, ಕೆಲಸ. ದಾಖಲೆ ತಿದ್ದಿ ಲಾಭ ಪಡೆಯುವುದು ಕ್ರಿಮಿನಲ್ ಅಪರಾಧವೂ ಹೌದು.

ನಿಜವಾದ ಆಫರ್ ಕೂಡ ಕಲ್ಲಿನ ಮೇಲೆ ಬರೆದದ್ದಲ್ಲ. ಪ್ರಾಜೆಕ್ಟ್ ಕೈತಪ್ಪಿತು, ನೇಮಕಾತಿ ನಿಂತಿತು ಎಂದು ಸೇರುವ ವಾರದ ಹಿಂದೆ ಪತ್ರ ವಾಪಸ್ ಪಡೆದರೆ ಅಭ್ಯರ್ಥಿಗೆ ತಕ್ಷಣದ ರಕ್ಷಣೆ ಇಲ್ಲ. ನಷ್ಟ ಪರಿಹಾರಕ್ಕೆ ದಾವೆ ಹೂಡಬಹುದು. ಇಎಂಐ ಕಟ್ಟುವ ದಿನಾಂಕ ಆ ದಾವೆಗೆ ಕಾಯುವುದಿಲ್ಲ. ಆಫರ್ ಕೈಗೆ ಬರುವ ಮೊದಲೇ ರಾಜೀನಾಮೆ ಕೊಟ್ಟು, ನೋಟಿಸ್ ಅವಧಿಯಲ್ಲಿ ಹುಡುಕುವ 2022ರ ಅಭ್ಯಾಸ ಈಗ ಅಪಾಯಕಾರಿಯಾಗಿರುವುದು ಇದಕ್ಕೇ.

ಉದ್ಯೋಗಿಯನ್ನು ಕಟ್ಟಿಹಾಕುವ ಷರತ್ತುಗಳ ಬಗ್ಗೆ ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಉದ್ಯೋಗ ಅಥವಾ ವ್ಯಾಪಾರ ಮಾಡದಂತೆ ತಡೆಯುವ ಕರಾರಿಗೆ ಮಾನ್ಯತೆ ಇಲ್ಲ. ಹಾಗಾಗಿ ಕೆಲಸ ಬಿಟ್ಟ ನಂತರ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬ ಷರತ್ತಿಗೆ ಕೋರ್ಟ್‌ನಲ್ಲಿ ಬೆಲೆ ಕಡಿಮೆ. 2022ರಲ್ಲಿ ಇನ್ಫೋಸಿಸ್‌ನ ಇಂಥ ಷರತ್ತಿನ ವಿರುದ್ಧ ಪುಣೆ ಮೂಲದ ಐಟಿ ಉದ್ಯೋಗಿಗಳ ಸಂಘಟನೆ 'ನೈಟ್ಸ್' ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿದ್ದು ದೊಡ್ಡ ಸುದ್ದಿಯಾಗಿತ್ತು.

ಆದರೆ ಕೆಲಸದಲ್ಲಿರುವಾಗಿನ ಬಾಂಡ್ ಬೇರೆ ವಿಷಯ. ಕರ್ನಾಟಕ ಹೈಕೋರ್ಟ್‌ನಿಂದ ಮೇಲೆ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಇದನ್ನು ಸ್ಪಷ್ಟಪಡಿಸಿತು. ಮೂರು ವರ್ಷ ತುಂಬುವ ಮೊದಲೇ ಬಿಟ್ಟು ಬೇರೆ ಬ್ಯಾಂಕ್ ಸೇರಿದ ಅಧಿಕಾರಿಯಿಂದ 2 ಲಕ್ಷ ರೂ. ವಸೂಲಿ ಮಾಡಿದ್ದನ್ನು ಹೈಕೋರ್ಟ್ ತಪ್ಪು ಎಂದಿತ್ತು. ಸುಪ್ರೀಂ ಕೋರ್ಟ್ ಸರಿ ಎಂದಿತು. ಸಾರ್ವಜನಿಕ ವಲಯದ ಬ್ಯಾಂಕ್ ಒಂದೊಂದು ಹುದ್ದೆಗೂ ಜಾಹೀರಾತು ಕೊಟ್ಟು, ಮುಕ್ತ ಸ್ಪರ್ಧೆಯಿಂದಲೇ ಆಯ್ಕೆ ಮಾಡಬೇಕಾಗುತ್ತದೆ, ಆ ವೆಚ್ಚಕ್ಕೆ ಈ ಮೊತ್ತ ವಿಪರೀತವಲ್ಲ ಎಂಬುದು ಕೋರ್ಟ್ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ಪ್ರತಿ ಖಾಸಗಿ ಕಂಪನಿಯೂ ಮನಬಂದ ಮೊತ್ತದ ಬಾಂಡ್ ಬರೆಸಿಕೊಳ್ಳಲು ಇದು ಪರವಾನಗಿ ಎಂದು ಓದುವುದು ತಪ್ಪಾಗುತ್ತದೆ. ಆದರೂ ಹೊಸ ಆಫರ್‌ನ ಲಾಭದಿಂದ ಬಾಂಡ್ ಮೊತ್ತ, ನೋಟಿಸ್ ಬೈಔಟ್ ಮೊತ್ತ ಎರಡನ್ನೂ ಕಳೆದೇ ಲೆಕ್ಕ ಹಾಕುವುದು ಕ್ಷೇಮ.

ಆಫರ್ ತರಲಾಗದವರು

ಸಂಬಳ ಏರಿಸುವ ದಾರಿ ಇದೊಂದೇ ಆದಾಗ, ಆ ದಾರಿಯಲ್ಲಿ ನಡೆಯಲಾಗದವರ ಕಥೆ ಏನು? ಹೆರಿಗೆಯ ನಂತರ ಎರಡು ವರ್ಷ ಮನೆಯಲ್ಲಿದ್ದು ಮರಳಿದ ಹೆಣ್ಣುಮಗಳು, ವಯಸ್ಸಾದ ತಂದೆ-ತಾಯಿಯನ್ನು ಬಿಟ್ಟು ಊರು ಬದಲಿಸಲಾಗದವರು, ಒಂದೇ ಗ್ರಾಹಕ ಕಂಪನಿಯ ಹಳೆಯ ತಂತ್ರಾಂಶವನ್ನು ಹತ್ತು ವರ್ಷದಿಂದ ಕಾಯುತ್ತಿರುವವರು ಮೂರು ಕಂಪನಿಗಳ ಬಾಗಿಲು ತಟ್ಟಿ ಬರಲಾರರು. ಅವರ ಕೆಲಸ ಕಳಪೆ ಎಂದಲ್ಲ. ಚೌಕಾಸಿಗೆ ಬೇಕಾದ ಬಿಡುವು ಮತ್ತು ಧೈರ್ಯ ಅವರ ಬದುಕಿನಲ್ಲಿಲ್ಲ. ತಂಡದಲ್ಲಿ ಅತಿ ಕಡಿಮೆ ಸಂಬಳ ಪಡೆಯುವವರು ಎಷ್ಟೋ ಬಾರಿ ಇವರೇ. ಇನ್ನು ಹೊಸದಾಗಿ ಕಾಲೇಜು ಮುಗಿಸಿ ಬರುವವರದ್ದಂತೂ ಕೇಳುವುದೇ ಬೇಡ; ದೊಡ್ಡ ಸೇವಾ ಕಂಪನಿಗಳಲ್ಲಿ ಅವರ ಆರಂಭಿಕ ಸಂಬಳ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ 3ರಿಂದ 4 ಲಕ್ಷದ ಸುತ್ತಲೇ ಗಿರಕಿ ಹೊಡೆಯುತ್ತಿದೆ.

ಈ ಅಂತರವನ್ನು ಗಟ್ಟಿಗೊಳಿಸುವುದು ಒಂದೇ ಒಂದು ಪ್ರಶ್ನೆ: 'ಈಗಿನ ಸಿಟಿಸಿ ಎಷ್ಟು?' ಹುದ್ದೆಗೆ ಇಷ್ಟು ಸಂಬಳ ಎಂದು ನಿರ್ಧರಿಸುವ ಬದಲು, ಹಿಂದಿನ ಸಂಬಳದ ಮೇಲೆ ಶೇ 20 ಅಥವಾ 30 ಸೇರಿಸುವುದು ನಮ್ಮಲ್ಲಿ ಬಹುತೇಕ ಅಲಿಖಿತ ನಿಯಮ. ಮೊದಲ ಕೆಲಸದಲ್ಲಿ ಕಡಿಮೆ ಸಿಕ್ಕವರು ಐದನೆಯ ಕೆಲಸದಲ್ಲೂ ಅದರ ನೆರಳಲ್ಲೇ ಇರುತ್ತಾರೆ. ಎರಡನೇ ಆಫರ್ ಬೇಕಾಗುವುದೂ ಈ ನಿಯಮವನ್ನು ಮುರಿಯಲಿಕ್ಕೇ: ಹೋಲಿಕೆ ಹಳೆಯ ಸಂಬಳದ ಜೊತೆ ನಿಂತು, ಇನ್ನೊಂದು ಆಫರ್ ಜೊತೆ ಶುರುವಾಗುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಈ ಪ್ರಶ್ನೆಯನ್ನೇ ನಿಷೇಧಿಸುವ ಕಾನೂನನ್ನು 2016ರಲ್ಲೇ ಅಂಗೀಕರಿಸಿತು. ಐರೋಪ್ಯ ಒಕ್ಕೂಟದ 2023ರ ವೇತನ ಪಾರದರ್ಶಕತೆ ನಿರ್ದೇಶನವೂ ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವಂತಿಲ್ಲ, ಹುದ್ದೆಯ ಆರಂಭಿಕ ಸಂಬಳ ಅಥವಾ ಅದರ ವ್ಯಾಪ್ತಿಯನ್ನು ಮೊದಲೇ ತಿಳಿಸಬೇಕು ಎನ್ನುತ್ತದೆ. ಸದಸ್ಯ ದೇಶಗಳು ಇದಕ್ಕೆ ತಕ್ಕ ಕಾನೂನು ಮಾಡಿಕೊಳ್ಳಲು ಕೊಟ್ಟಿರುವ ಗಡುವು 2026ರ ಜೂನ್ 7. ಭಾರತದ ನಾಲ್ಕು ಸಂಹಿತೆಗಳಲ್ಲಿ ಈ ಬಗ್ಗೆ ಚಕಾರವಿಲ್ಲ. ಹೀಗಾಗಿ ಜರ್ಮನಿಯದ್ದೋ ಫ್ರಾನ್ಸ್‌ನದ್ದೋ ಕಂಪನಿಯೊಂದು ತನ್ನ ದೇಶದಲ್ಲಿ ಕೇಳಬಾರದ ಪ್ರಶ್ನೆಯನ್ನು ಬೆಂಗಳೂರು, ಪುಣೆಯ ತನ್ನ ಕೇಂದ್ರದಲ್ಲಿ ಮೊದಲ ಫೋನ್ ಕರೆಯಲ್ಲೇ ಕೇಳಬಹುದು. ಜೊತೆಗೆ ಕಳೆದ ಮೂರು ತಿಂಗಳ ಪೇಸ್ಲಿಪ್ ಕೂಡ ತರಿಸಿಕೊಳ್ಳಬಹುದು.